ಮೊದಲು ಮರಿ, ಆಮೇಲೆ ತಾಯಿ

ಇದು ನಮ್ಮ ಪಕ್ಕದ ಮನೆಯ ರೂಪರ್ಟನಿಗೆ ಆದದ್ದು. ಆಸ್ಟ್ರಿಯಾದ ಟಿರೋಲಿನ ಈ ಕಣಿವೆಗೆ ನಾನು ಬಂದು ನೆಲೆಸಿದ ಮೇಲೆ, ನನ್ನ ಕಣ್ಣೆದುರಿಗೇ.

ನವೆಂಬರ್ ಕೊನೆ. ಬೇಟೆಕಾಡಿನ ಕಾವಲುಗಾರ ರೂಪರ್ಟ್ ಕತ್ತಲಲ್ಲಿ ಒಬ್ಬನೇ ಇಳಿದು ಬರುತ್ತಿದ್ದ. ಹಳೇ ಬಾವಿಯ ಹತ್ತಿರ ಹಿಂದಿನಿಂದ ಸದ್ದು... ಟಕ್. ಟಕ್. ಹೆಪ್ಪುಗಟ್ಟಿದ ನೆಲದ ಮೇಲೆ ಗೊರಸು. ನಿಂತ. ಅದೂ ನಿಂತಿತು. ಟಾರ್ಚ್ ಹಾಕಿ ನೋಡಿದ... ಏನೂ ಇಲ್ಲ.

ನಾನು ಅವರ ಅಡುಗೆಮನೆಯಲ್ಲಿ, ಅವನ ಹೆಂಡತಿ ಬುರ್ಗಿಯ ಜೊತೆ ಅಕ್ರೋಟು ಒಡೆಯುತ್ತಿದ್ದೆ. ಒಳಗೆ ಬಂದವನು ಹೆಗಲಿನ ಬಂದೂಕನ್ನೂ ಇಳಿಸಲಿಲ್ಲ.

"ತಾಯಿ ಜಿಂಕೆನ ಹೊಡೆದ್ಬಿಟ್ಟೆ."

ಇಲ್ಲಿ ಪ್ರತಿ ವರ್ಷ ಇಷ್ಟು ಅಂತ ಜಿಂಕೆ ಕಡಿಮೆ ಮಾಡಲೇಬೇಕು. ಇಲ್ಲದಿದ್ದರೆ ಎಳೆ ಗಿಡ ಉಳಿಯದು, ಹಿಂಡೇ ಸೊರಗುತ್ತದೆ. ಆದರೆ ಒಂದು ಕಟ್ಟಳೆ: ಮೊದಲು ಮರಿ, ಆಮೇಲೆ ತಾಯಿ. ತಬ್ಬಲಿಯನ್ನು ಹಿಂಡು ಹತ್ತಿರ ಸೇರಿಸುವುದಿಲ್ಲ. ಅದು ಹಿಮದಲ್ಲಿ ದಿನಗಟ್ಟಲೆ ಹಸಿದು, ನಿಂತಲ್ಲೇ ಸಾಯುತ್ತದೆ.

"ಒಂಟಿಯಾಗಿತ್ತು, ಬರಡು ಅಂದ್ಕೊಂಡೆ. ಅದು ಬಿದ್ಮೇಲೆ ಪೊದೆಯಿಂದ ಮರಿ ಕೂಗ್ತು. ಕಿವಿ ಹರಿದಿರೋ ಮರಿ. ಬಂದೂಕು ಎತ್ತೋದ್ರೊಳಗೆ ಓಡ್ಹೋಯ್ತು."

"ಇಪ್ಪತ್ತು ವರ್ಷದ ಬೇಟೆಗಾರ! ನಿಂಗೆ ಬೇಕಾಗಿರೋದು ಬಂದೂಕಲ್ಲ, ಕನ್ನಡಕ," ಎಂದಳು ಬುರ್ಗಿ. ಯಾರೂ ನಗಲಿಲ್ಲ. "ಹುಡುಕಿ ಹೊಡಿ. ಅದನ್ನ ಹಾಗೆ ಸಾಯಕ್ಕೆ ಬಿಡ್ಬೇಡ."

ಹುಡುಕಿದ. ಮೂರು ವಾರ. ಹಿಮ ಮೊಣಕಾಲಿಗೆ ಬಂತು. ನಿದ್ದೆ ಬಿಟ್ಟ, ಊಟ ಬಿಟ್ಟ. ಪ್ರತಿ ಸಂಜೆ ಬರಿಗೈ. ಪ್ರತಿ ಸಂಜೆ ಬಾವಿಯಿಂದ ಬಾಗಿಲವರೆಗೂ... ಟಕ್. ಟಕ್. ಅಷ್ಟು ಮೆತ್ತನೆ ಹಿಮದಲ್ಲೂ ಅದೇ ಗಟ್ಟಿ ಸದ್ದು. ಒಂದು ಸಂಜೆ ನನಗೂ ಕೇಳಿತು.

ಇಪ್ಪತ್ತೆರಡನೇ ದಿನ ಮರಿ ಕಂಡಿತು. ಅದೇ ಪೊದೆಯ ಹತ್ತಿರ. ಓಡಲಿಲ್ಲವಂತೆ. ಒಂದೇ ಗುಂಡು. ಕತ್ತಲಾಗುತ್ತಿತ್ತೆಂದು ಅಲ್ಲೇ ಹೊಟ್ಟೆ ಬಗೆಯದೆ ಹಾಗೇ ಹೊತ್ತು ತಂದು ಕೊಟ್ಟಿಗೆಯಲ್ಲಿ ಮಲಗಿಸಿದ.

"ಇದೇನು... ಇಷ್ಟು ದುಂಡಗಿದೆ?" ಬುರ್ಗಿ ಪಿಸುಗುಟ್ಟಿದಳು. "ಅದೇನಾ?"

"ಅದೇ. ಕಿವಿ ನೋಡು."

"ಬೇರೆ ಜಿಂಕೆ ಸಾಕಿರ್ಬೋದು," ಎಂದೆ ನಾನು.

"ಇಲ್ಲ ಅಕ್ಕ. ಬೇರೆದರ ಮರಿ ಬಂದ್ರೆ ಒದ್ದು ಓಡಿಸ್ತಾವೆ," ಎಂದ ರೂಪರ್ಟ್.

ಚಾಕು ಹಾಕಿದ. ಹೊಟ್ಟೆ ಬಿಚ್ಚಿತು. ಬೋಗುಣಿ ಹಿಡಿದಿದ್ದವಳು ನಾನು, ಬೇರೆ ಯಾರೂ ಅಲ್ಲ. ನನ್ನದು ಸುಳ್ಳು ಹೇಳುವ ವಯಸ್ಸೂ ಅಲ್ಲ.

ಹುಲ್ಲಿನ ಎಸಳಿಲ್ಲ. ತೊಗಟೆಯ ಚೂರಿಲ್ಲ. ಬೋಗುಣಿಯ ತುಂಬ ಹಾಲು... ಬಿಳಿಯದು, ಆಗಷ್ಟೇ ಕುಡಿದ ಹಾಗೆ, ಇನ್ನೂ ಒಡೆದಿರಲಿಲ್ಲ.