ಶರೀಫಾ ಬೀ ನಕ್ಕ ಕಂತುಗಳು

ಅಧ್ಯಕ್ಷತೆ ವಹಿಸಿರುವ ಪ್ರಾಧ್ಯಾಪಕಿ ರೇಣುಕಾ ಮೇಡಂ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಹಗರಿಬೊಮ್ಮನಹಳ್ಳಿಯಿಂದ ಬಿಸಿಲಲ್ಲಿ ಬಸ್ಸು ಹಿಡಿದು ಬಂದವರೇ, ಊಟ ಮುಗಿಸಿ ನಿದ್ದೆ ತಡೆದುಕೊಂಡು ಕುಳಿತಿರುವ ನಮ್ಮ ಕೊಟ್ಟೂರಿನ ಸಭಿಕರೇ,

ಟಿವಿ ರಿಪೇರಿ ಮಾಡುವ ಕಮಾಲಸಾಬನಿಗೂ ಶಾಲು ಹೊದಿಸುವ ಕಾಲ ಬಂತಲ್ಲ! ಮೂವತ್ತು ವರ್ಷದ ಕಸುಬಿನಲ್ಲಿ ಒಂದು ವರ್ಷ ಜನರಿಂದ ಸಿಕ್ಕಾಪಟ್ಟೆ ಬೈಸಿಕೊಂಡವನು ನಾನು. ಕಾರಣವನ್ನು ಇಂದು ಒಪ್ಪಿಕೊಂಡುಬಿಡುತ್ತೇನೆ. ರಿಪೇರಿಯಾದ ಟಿವಿಯನ್ನು ನಾನು ಬುಧವಾರ ವಾಪಸ್ ಕೊಡುತ್ತಲೇ ಇರಲಿಲ್ಲ. “ಇನ್ನೂ ಟೆಸ್ಟಿಂಗ್ ನಡದೈತ್ರಿ, ನಾಳಿ ಬರ್ರಿ” ಎನ್ನುತ್ತಿದ್ದೆ. ನಗುತ್ತಿದ್ದೀರಿ. ಮಾತು ಮುಗಿಯುವ ಮುಂಚೆಯೇ ಯಾರೋ ನಕ್ಕರು. ಇರಲಿ, ಸಂತೋಷ.

ಬುಧವಾರ ಸಂಜೆ ‘ಬಾಡಿಗೆಗಿಲ್ಲ’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಎಂಟು ವರ್ಷವಾಯಿತು. ಎಷ್ಟು ಜನಕ್ಕೆ ನೆನಪಿದೆ? ಒಂದು ಕೈಯೂ ಏಳಲಿಲ್ಲ. ಬಾಗಿಲಿಗೆ ‘ಬಾಡಿಗೆಗಿಲ್ಲ’ ಎಂದು ಬೋರ್ಡು ಬಡಿದುಕೊಂಡ ಸಿಡುಕು ಮುದುಕ, ಬೋರ್ಡು ಓದಲು ಬಾರದವರೇ ಅವನ ಮನೆ ಕೇಳಿಕೊಂಡು ಬರುವುದು. ಅದರಲ್ಲಿ ಅತ್ತೆ ಸೊಸೆಗೆ ವಿಷ ಹಾಕುವುದಿಲ್ಲ, ಯಾರೂ ಆಸ್ಪತ್ರೆಯಲ್ಲಿ ಅಳುವುದಿಲ್ಲ. ಅಂಥದು ಈಗ ಎಲ್ಲಿದೆ? ಎಲ್ಲಿದೆ ಹೇಳಿ? ತಯಾರಿಸಿದವರೇ ಆ ಟೇಪುಗಳನ್ನು ಅಳಿಸಿ ಬೇರೇನೋ ತುಂಬಿಕೊಂಡರಂತೆ. ಈಗ ಉಳಿದಿರುವುದು ಈ ಚೀಲದ ಇಪ್ಪತ್ತಾರು ಆಡಿಯೋ ಕ್ಯಾಸೆಟ್ಟು ಮಾತ್ರ. ಅವನ್ನು ಮೇಡಂ ಅವರ ಕಾಲೇಜಿಗೆ ಒಪ್ಪಿಸಲೆಂದೇ ಈ ಸಮಾರಂಭ.

ಕ್ಯಾಸೆಟ್ಟಿನಲ್ಲಿ ಒಂದು ತಪ್ಪಿದೆ. ಮೆಕ್ಯಾನಿಕ್ ಆದವನು ವೈರು ಜೋಡಿಸಿ ಮುದ್ರಿಸಬೇಕಿತ್ತು. ಗಿರಾಕಿಯ ಟಿವಿಯನ್ನು ಮತ್ತೆ ಬಿಚ್ಚಲು ಮನಸ್ಸಾಗದೆ, ಟೇಪ್ ರೆಕಾರ್ಡರನ್ನು ಅದರ ಮುಂದೆ ಇಟ್ಟುಬಿಟ್ಟೆ. ಹಾಗಾಗಿ ಅಂಗಡಿಯಲ್ಲಿ ನೋಡಲು ಕೂತವರೆಲ್ಲರ ನಗುವೂ ಸೇರಿಕೊಂಡಿತು. ಕುರಿ ಕಾಯುವ ಮೈಲಪ್ಪ ಎಲ್ಲರೂ ನಕ್ಕು ಸುಮ್ಮನಾದ ಮೇಲೆ “ಏನಂದನಪಾ ಅವ?” ಎಂದು ಕೇಳಿ ನಗುವವನು. ನನ್ನ ಹೆಂಡತಿ ಶರೀಫಾ ಬೀ ಎಲ್ಲರಿಗಿಂತ ಮೊದಲು ನಗುವವಳು.

ಅದು ಹೇಗೆ? ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಗಂಡಸರಿದ್ದಾರೆಂದು ಅವಳು ಪರದೆಯ ಆಚೆ ಕೂರುತ್ತಿದ್ದಳು. ಟಿವಿಯ ಬೆನ್ನು ಅವಳ ಕಡೆಗೆ, ಪರದೆಯ ಸಂದಿಯಲ್ಲಿ ಕಾಣುವ ನಮ್ಮ ಮುಖವೂ ಅವಳ ಕಡೆಗೆ. ಒಂದು ಕಂತನ್ನೂ ಅವಳು ಕಣ್ಣಾರೆ ಕಂಡವಳಲ್ಲ. “ನಿಮ್ ಮಾರಿ ನೋಡಿದ್ರ ಸಾಕ್ರಿ, ನಗು ಬರೂದು ನಂಗ ಮೊದ್ಲ ಗೊತ್ತಾಕೈತಿ” ಎನ್ನುತ್ತಿದ್ದಳು. ಟಿವಿಯನ್ನು ಒಂದು ದಿನವಾದರೂ ಅವಳ ಕಡೆಗೆ ತಿರುಗಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಇಪ್ಪತ್ತೆರಡನೆಯ ಕಂತಾದ ಮೇಲೆ ಶರೀಫಾ ಬೀ ಎದೆನೋವಿನಿಂದ ತೀರಿಕೊಂಡಳು. ನಲವತ್ತು ದಿನ ನಾನು ಟಿವಿ ಹಚ್ಚಲಿಲ್ಲ, ಆ ನಡುವಿನ ಕಂತುಗಳು ತಪ್ಪಿಹೋದವು. ಆಮೇಲೆ ಬಂದ ಕೊನೆಯ ನಾಲ್ಕು ಕಂತುಗಳನ್ನು ಒಬ್ಬನೇ ಕೂತು, ಆಗಷ್ಟೇ ಸೀಲ್ ಒಡೆದ ಹೊಸ ಕ್ಯಾಸೆಟ್ಟುಗಳಿಗೆ ಮುದ್ರಿಸಿದೆ. ನಗು ಬಂದರೂ ತುಟಿ ಕಚ್ಚಿ ಹಿಡಿದೆ. ಹಾಕಿ ಕೇಳಿದರೆ, ಮುದುಕ ಬಾಯಿ ತೆರೆಯುವ ಮುಂಚೆಯೇ ಒಂದು ನಗು! ನಾಲ್ಕೂ ಕ್ಯಾಸೆಟ್ಟಿನಲ್ಲಿ!

ಟೇಪ್ ರೆಕಾರ್ಡರಿನ ಹೆಡ್ ತೊಳೆದೆ. ಬೇರೆ ಸೆಟ್ಟಿನಲ್ಲಿ ಹಾಕಿದೆ. ಮೈಲಪ್ಪನನ್ನು ಕರೆದು ಕೇಳಿಸಿದೆ. ಅವನು ನಗಲಿಲ್ಲ. “ಶರೀಫಕ್ಕ ಅದಾಳಲ್ಲೋ ಇದ್ರಾಗ” ಎಂದು ಎದ್ದು ಹೋದವನು ಮತ್ತೆ ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಮೊನ್ನೆ ರೇಣುಕಾ ಮೇಡಂ ಹೇಳಿದರು: “ಸಾಬ್ರ, ನಡುವಿನ ಗದ್ಲಾ ಎಲ್ಲಾ ಕಂಪ್ಯೂಟರ್‌ನಾಗ ತಗಸಿ, ಬರೇ ಮಾತು ಉಳಸ್ತೀವ್ರಿ.” ಒಳ್ಳೆಯ ಉದ್ದೇಶ. ಈ ಧಾರಾವಾಹಿ ಇನ್ನೊಮ್ಮೆ ಊರ ಕಿವಿಗೆ ಬೀಳಬೇಕೆಂದು ನನಗಿಂತ ಹೆಚ್ಚು ಬಯಸಿದವರು ಯಾರಿದ್ದಾರೆ? ಒಪ್ಪಿಕೊಂಡೇ ಬಂದಿದ್ದೆ.

ಆದರೆ ಆಗ ಟೆಸ್ಟಿಂಗ್ ಮಾತು ಹೇಳಿದೆನಲ್ಲ, ಮುಂಚೆಯೇ ನಕ್ಕವರು ಯಾರು? ನಿಮ್ಮೆಲ್ಲರನ್ನೂ ನಾನು ನೋಡುತ್ತಲೇ ಇದ್ದೆ. ನೀವು ನಕ್ಕದ್ದು ನನ್ನ ಮಾತು ಮುಗಿದ ಮೇಲೆ. ನಗು ಬಂದದ್ದು ಇಲ್ಲಿ, ನನ್ನ ಎಡಗಡೆಯ ಈ ಪರದೆಯ ಹಿಂದಿನಿಂದ. ಅಲ್ಲಿಂದ ನೋಡಿದರೆ ಸಭೆ ಕಾಣುವುದಿಲ್ಲ, ನನ್ನ ಮುಖವಷ್ಟೇ ಕಾಣುತ್ತದೆ.

ಕ್ಷಮಿಸಿ ಮೇಡಂ, ಚೀಲವನ್ನು ಮನೆಗೆ ಒಯ್ಯುತ್ತೇನೆ. ಶಾಲು ಬೇಕಾದರೆ ವಾಪಸ್ ತೆಗೆದುಕೊಳ್ಳಿ. ಕೇಳುವ ಆಸೆಯಿದ್ದವರು ಬುಧವಾರ ಸಂಜೆ ಅಂಗಡಿಗೆ ಬನ್ನಿ, ಎಲ್ಲರೂ ಕೂತು ನಗೋಣ. ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದಗಳು. ಹೋಗುವಾಗ ಆ ಪರದೆಯನ್ನು ಮಾತ್ರ ಯಾರೂ ಸರಿಸಬೇಡಿ, ಅವಳು ನಾಚಿಕೊಳ್ಳುತ್ತಾಳೆ. ನಮಸ್ಕಾರ.