ಹೆಂಗಸರ ಬಾಗಲಾ ಕಾದ ಟಾಕೀಜ

ಏ ಅಲ್ಲಲ್ಲ, ಬಸ್‌ಸ್ಟ್ಯಾಂಡ್ ಕಡೆ ಅಲ್ಲ. ಈಗ ನೀವು ಮೊಬೈಲಿನ ಕವರ್ ತರಾಕ ಹೋಗ್ತೀರಿ ನೋಡ್ರಿ, ಆ ಕಾಂಪ್ಲೆಕ್ಸ್ ಐತೆಲ್ಲ, ಅದ ಜಾಗಾದಾಗ ಇತ್ತ ನಮ್ಮ ಚಿಕ್ಕೋಡಿ ಟಾಕೀಜ. ಮ್ಯಾಲ ಬರೇ ತಗಡ. ಮಳಿ ಬಂದ್ರ ಹೀರೋ ಬಾಯಿ ತಗದದ್ದ ಕಾಣ್ತಿತ್ತ, ಮಾತ ಕೇಳ್ತಿರಲಿಲ್ಲ. ಆವಾಗ ನಿಮ್ಮ ಅಜ್ಜನ ಬಲಗೈ ಕಬ್ಬಿನ ಗಾಣದಾಗ ಸಿಕ್ಕೊಂಡು, ಬಲಗೈ ಅಲ್ಲ, ಎಡಗೈ, ಹಾಂ, ಎಡಗೈ ಬೆರಳ ಹೋಗಿ ಅವರು ಮನ್ಯಾಗ ಕುಂತ್ರು. ನಿಮ್ಮಪ್ಪ ಇನ್ನಾ ಸಾಲಿಗೆ ಹೋಗಾಂವ. ರೊಟ್ಟಿ ಐತಂದ್ರ ಪಲ್ಲೆ ಇಲ್ಲ, ಪಲ್ಲೆ ಐತಂದ್ರ ಎಣ್ಣಿ ಇಲ್ಲ. ಅಷ್ಟೊತ್ತಿಗೆ ಟಾಕೀಜ ಸಾವಕಾರ್ರು ಹೆಂಗಸರ ಬಾಗಲಾ ಕಾಯಾಕ ಒಬ್ಬಾಕಿ ಬೇಕಂದ್ರು. ಗಂಡಸು ನಿಂತ್ರ ಹೆಂಗಸರು ಒಳಗ ಬರಾಕ ನಾಚ್ತಿದ್ರು ಆವಾಗ. ನಾ ಹೋಗಿ ನಿಂತ್ನಿ. ತಿಕೀಟ ಹರಿಯೂದು, ಅಳೂ ಕೂಸಿನ್ನ ಹೊರಗ ತಂದು ಆಡಸೂದು. ನೌಕರಿ ಅಂದ್ರ ನೌಕರಿ!

ಸಂತಿ ದಿನಾ ಅಂಕಲಿ ಕಡೆ ಹೆಂಗಸರು ಕಾಯಿಪಲ್ಲೆ ಮಾರಿ, ಖಾಲಿ ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡು ಮ್ಯಾಟಿನಿಗೆ ಕೂಡ್ತಿದ್ರು. ಮರಾಠಿ ಹೆಂಗೋ ತಿಳೀತಿತ್ತ, ಹಿಂದಿ ಪಿಕ್ಚರ್ ಬಂದ್ರ ಬರೇ ಕಣ್ಣ ಕಣ್ಣ ಬಿಡೂದು. ಒಂದಿನಾ ಒಬ್ಬ ಮುದುಕಿ ಕೇಳಿದ್ಲು, "ಯವ್ವಾ ಬಾಳವ್ವಾ, ಈ ಹುಡುಗಿ ಯಾಕ ಅಳಾಕತ್ತೈತಿ?" ನಂಗೇನ ಗೊತ್ತ? ನಾ ಏನ ಹಿಂದಿ ಕಲ್ತಾಕ್ಯಾ? ಆದ್ರ ತಿಕೀಟ ಹರಿಯಾಕಿನ ಗೊತ್ತಿಲ್ಲಂದ್ರ ಮರ್ಯಾದಿ ಉಳೀತೈತೇನ? "ಅವರತ್ತಿ ಹೊರಗ ಹಾಕ್ಯಾಳ" ಅಂದ್ನಿ. ಎಲ್ಲಾರೂ ಚುಚುಚು ಅಂದ್ರು. ಅವತ್ತಿಂದ ನೋಡ್ರಿ, ಪ್ರತಿ ಪಿಕ್ಚರಿಗೂ ಒಬ್ಬಾಕಿ ಅತ್ತಿ ಬಂದ್ಲು. ಪಿಸ್ತೂಲ ಹಿಡಕೊಂಡ ಬಂದಾಂವ ಮೈದನ, ಹೊಲದಾಗ ಪಾಲ ಕೇಳಾಕ ಬಂದಾನ. ಹೀರೋ ಹೀರೋಯಿನ್ ಬರ್ಫದಾಗ ಕುಣದ್ರ, ಅಕಿನ ತವರಮನಿ ಅಲ್ಲೇ ಐತಿ, ಉಡಿ ತುಂಬಸ್ಕೊಳ್ಳಾಕ ಹೋಗ್ಯಾರ. "ಹೌದ ಬಿಡವ್ವಾ, ನಮ್ಮ ಮನ್ಯಾಗೂ ಹಿಂಗ" ಅಂತ ಮೂಗ ಒರಸ್ಕೊಳ್ತಿದ್ರು.

ಹಿಂಗ ನಡದಿತ್ತ ಚಂದಾಗಿ. ಅಷ್ಟರಾಗ ಸಾಲಿ ಅಕ್ಕೋರ ಒಬ್ರು, ಹಿಂದಿ ಕಲಸೂವ್ರ ಮತ್ತ, ಹೋಗಿ ಸಾವಕಾರ್ರಿಗೆ ಹೇಳಿದ್ರು, "ಇಕಿ ಹೇಳೂದಕ್ಕೂ ಪಿಕ್ಚರಿಗೂ ಸಂಬಂಧನ ಇಲ್ರಿ. ಮದಲ ಇಕಿನ್ನ ತಗೀರಿ." ಮರುದಿನಾ ಸಾವಕಾರ್ರು ಹೆಂಗಸರಿಗೂ ಗಂಡಸರಿಗೂ ನಡಕ ಕಟ್ಟಿದ್ದ ಪಡದೆ ಹಿಂದ ಬಂದು ಕುಂತ್ರು, ನನ್ನ ಮಾತ ಕೇಳಾಕ. ಕೆಲಸ ಹೋದ್ರ ಸಂಜಿಕ ಒಲಿ ಹತ್ತೂದಿಲ್ಲಲಾ! ಬಾಯಿಗೆ ಸೆರಗ ಹಿಡಕೊಂಡು ಗಪ್ಪ ನಿಂತ್ನಿ. ಪಿಕ್ಚರ್ ನಡದೈತಿ, ಯಾರೋ ಯಾರಿಗೋ ಬಡ್ಯಾಕತ್ತಾನ. "ಯಾಕ ಬೇ, ಹೇಳವಲ್ಲಿ? ಯಾಂವ ಅಂವಾ?" ಅಂತಾಳ ಒಬ್ಬಾಕಿ. ಇನ್ನೊಬ್ಬಾಕಿ ಎದ್ದು ಬುಟ್ಟಿ ಎತ್ಕೊಂಡ್ಲು, "ಇಕಿ ಹೇಳೂದಿಲ್ಲಂದ್ರ ನಡೀರೇ ಹೋಗೂಣು, ಎಮ್ಮಿ ಹಿಂಡೂ ಹೊತ್ತಾತು." ಬೆಂಚಿಗೆ ಬೆಂಚ ಏಳಾಕತ್ತೂ! ಆವಾಗ ಪಡದೆ ಹಿಂದಿಂದ ಸಾವಕಾರ್ರ ಧನಿ, "ಬಾಳವ್ವಾ, ಹೇಳ! ಹೇಳ ಬೇ ಲಗೂನ, ಎದ್ದ ಹೊಂಟಾರ!" ನಾ ಸೆರಗ ತಗದು "ಮೈದನ ಬಂದಾನ" ಅಂದ್ನಿ. ಎಲ್ಲಾರೂ ಕುಂತ್ರು.

ಪಿಕ್ಚರ್ ಬಿಟ್ಟಮ್ಯಾಲ ನಾ ತಲಿ ಬಗ್ಗಿಸಿ ನಿಂತೀನಿ, ಈಗ ಬೈತಾರ, ಈಗ ತಗೀತಾರ ಅಂತ. ಸಾವಕಾರ್ರು ಸುತ್ತಮುತ್ತ ನೋಡಿ ಮೆಲ್ಲಕ ಕೇಳಿದ್ರು, "ಖರೇ ಹೇಳ, ಆ ಮೈದನಗ ಕಡೀಕ ಹೊಲಾ ಸಿಕ್ತೋ ಇಲ್ಲೋ?" ಅಕ್ಕೋರಿಗೆ ಬಾಲ್ಕನಿ ತಿಕೀಟ ಪುಕ್ಕಟ ಕೊಟ್ಟು ಮ್ಯಾಲ ಕಳಸಿದ್ರು, ನನ್ನ ಮಾತ ಕೇಳಬಾರ್ದಂತ.

ಆಮ್ಯಾಲ ಟಿವಿ ಬಂತ ನೋಡ್ರಿ. ಅಂಕಲ್ಯಾಗೂ ಮನಿ ಮ್ಯಾಲ ಅಂಟೆನಾ ನಿಂತೂ. ಹೆಂಗಸರು ಮನ್ಯಾಗ ಕುಂತ್ರು, ಬೆಂಚ ಖಾಲಿ ಆದೂ. ನಾಕ ಮಂದಿಗೆ ಕತಿ ಹೇಳಿದ್ನಿ, ಇಬ್ಬರಿಗೆ ಹೇಳಿದ್ನಿ, ಕಡೀಕ ಕಸಾ ಹೊಡ್ಯಾಕಿಗೆ ಹೇಳಿದ್ನಿ. ಸಾವಕಾರ್ರೂ ಎಷ್ಟ ದಿನಾ ಅಂತ ತಡಕೊಂಡಾರು? ಟಾಕೀಜ ಮಾರಿದ್ರು. ನನ್ನ ಕೆಲಸಾನೂ ಹೋತು. ಕೆಡವೂ ದಿನಾ ನೋಡ್ಬೇಕಿತ್ರಿ, ಊರಿಗೂರ ಬಂದ ನಿಂತೈತಿ, ಒಂದ ಕಾಲಿಡಾಕ ಜಾಗಾ ಇಲ್ಲ! ವರ್ಷಾನಗಟ್ಲೆ ಒಂದ ತಿಕೀಟಾನೂ ತಗೊಳ್ದಾವ್ರು ಕಣ್ಣೀರ ಹಾಕಾಕತ್ತಾರ, "ಎಂಥಾ ಟಾಕೀಜ ಹೋತಲಾ ಬಾಳವ್ವಾ" ಅಂತ ನನ್ನ ಹೆಗಲ ಹಿಡೀತಾರ. ಸಾವಕಾರ್ರು ನನ್ನ ಬಾಜೂಕ ನಿಂತು, "ನೋಡ, ಇವತ್ತ ಹೌಸ್‌ಫುಲ್" ಅಂದ್ರು. ನಗಬೇಕಂದ್ನಿ, ನಗಿ ಬರ್ಲಿಲ್ಲ, ಅಳು ಬಂತು. ಸುಳ್ಳ ಯಾಕ ಹೇಳ್ಲಿ, ಭಾಳ ಅತ್ನಿ.

ಅದಕ್ಕ ಹೇಳೂದು, ಯಾವದರ ಮ್ಯಾಲ ಜೀವ ಐತಿ ಅದರ ಕಡೆ ಅದು ಇದ್ದಾಗ ಹೋಗಿ ಬರ್ರಿ. ಕೆಡವೂದ ನೋಡಾಕ ತಿಕೀಟ ಇರೂದಿಲ್ಲ, ಎಲ್ಲಾರೂ ಬರ್ತಾರ.