ಬೆಳಗಿನ ಟಿಕ್ ಟಿಕ್

ಕಿವಿ ಡಾಕ್ಟರ ಕೋಣೆಯ ಹೊರಗೆ ಸರದಿಗೆ ಕಾದಿದ್ದ ನಿವೃತ್ತ ಮೇಷ್ಟ್ರು, ಪಕ್ಕದ ಗಂಡ ಹೆಂಡತಿಯ ಮಾತಿನತ್ತ ತಮ್ಮ ಒಳ್ಳೆಯ ಕಿವಿಯನ್ನು ಮೆಲ್ಲಗೆ ತಿರುಗಿಸಿದರು.

“ಹೊಗೆ ಕೊಳವೆ ಸಂದಿನ ಗ್ಯಾಸ್ಕೆಟ್ ಮೂರು ಸಲ ಬದಲಾಯ್ಸಿದೀನಿ ಕಣೇ. ಆದ್ರೂ ಟಿಕ್ ಟಿಕ್ ಅನ್ನತ್ತೆ.”

“ನಿಮ್ಮ ರೇಸ್ ಕಾರಲ್ಲಿ ಹೊಗೆ ಸೋರೋ ಸದ್ದು ನಿಮಗೊಬ್ರಿಗೇ ಕೇಳ್ಸತ್ತೆ. ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದಿದ್ದು.”

“ವ್ಯಾಕ್ಯೂಮ್ ಕ್ಲೀನರ್ ಪೈಪನ್ನ ಗಾಳಿ ಹೊರಗೆ ಬಿಡೋ ಕಡೆ ಸಿಕ್ಸಿ, ಸೈಲೆನ್ಸರ್ ಒಳಗೆ ಹೊಗೆ ಊದಿಯೂ ನೋಡ್ದೆ. ಎಲ್ಲೂ ಸೋರ್ಲಿಲ್ಲ.”

“ನನ್ನ ವ್ಯಾಕ್ಯೂಮ್ ಕ್ಲೀನರಾ! ಯಾವಾಗ?”

“ಸಂಜೆ, ಒಂದು ಸುತ್ತು ಓಡ್ಸ್ಕೊಂಡು ಬಂದ್ಮೇಲೆ.”

“ಸದ್ದು ಬರೋದು?”

“ಬೆಳಿಗ್ಗೆ, ಸ್ಟಾರ್ಟ್ ಮಾಡಿದ ತಕ್ಷಣ. ಹತ್ತು ನಿಮಿಷಕ್ಕೆ ನಿಂತ್ಹೋಗತ್ತೆ.”

“ರೀ! ಕಬ್ಬಿಣ ಕಾದ್ರೆ ಹಿಗ್ಗಲ್ವಾ? ನೀವು ಸಂಜೆ ನೋಡ್ದಾಗ ಬಿಸಿಗೆ ಬಿರುಕು ಮುಚ್ಕೊಂಡಿರತ್ತೆ!”

ಗಂಡ ಎದ್ದ ರಭಸಕ್ಕೆ ಕುರ್ಚಿಯೇ ಉರುಳಿತು.

“ಕಾರು ಈಗ ಮನೇಲಿ ತಣ್ಣಗೆ ನಿಂತಿದೆ. ಬಾ, ಬಾ!”

“ವ್ಯಾಕ್ಯೂಮ್ ಕ್ಲೀನರ್ ಮುಟ್ಟಿದ್ರೆ ನೋಡಿ! ಹೊಗೆ ನಾನೇ ಊದ್ತೀನಿ!”

ಇಬ್ಬರೂ ಬಿದ್ದು ಬಿದ್ದು ನಗುತ್ತ, ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋದರು.

ನರ್ಸಮ್ಮ ಬಾಗಿಲು ತೆರೆದು ಕೇಳಿದಳು: “ಕಿವೀಲಿ ಟಿಕ್ ಟಿಕ್ ಅನ್ನತ್ತೆ ಅಂದೋರು ಯಾರು?”

“ಅವರ ಹೆಂಡ್ತಿ ವಾಸಿ ಮಾಡಿ ಕರ್ಕೊಂಡು ಹೋದ್ರಮ್ಮ,” ಎಂದರು ಮೇಷ್ಟ್ರು. “ನಾನು ಬರ್ಲಾ?”